ನಿಂತಲ್ಲೇ ಓಡುವ ಕಾರು

ಪಕ್ಕದ ಮನೆಯ ಡ್ರೈವರಪ್ಪನ ಕಾರು ಈಗ ಓಡುವುದು ಹೆಂಡತಿಯ ಮಿಕ್ಸಿ ತಿರುಗಿಸಲು ಮಾತ್ರ, ಅದೂ ನಿಂತಲ್ಲೇ. ಕರೆಂಟು ಹೋಯಿತೆಂದರೆ ಸಾಕು, ಕಾರಿನ ಬ್ಯಾಟರಿಗೆ ಇನ್ವರ್ಟರ್ ಸಿಕ್ಕಿಸಿ, ವೈರನ್ನು ಅಡುಗೆಮನೆಯ ಕಿಟಕಿಯೊಳಗೆ ತೂರಿಸಿ, ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು, ಸ್ಟೀರಿಂಗ್ ಹಿಡಿದು ಗತ್ತಿನಲ್ಲಿ ಕೂರುತ್ತಾನೆ. ಒಂದು ಲೋಟ ಹಣ್ಣಿನ ರಸಕ್ಕೆ ಒಂದು ಲೋಟ ಪೆಟ್ರೋಲು; ಹೊಗೆಯೆಲ್ಲ ನಾನು ಒಗೆದುಹಾಕಿದ ಬಟ್ಟೆಗೆ. "ಎಲ್ಲಿಗಪ್ಪಾ ಸವಾರಿ?" ಎಂದರೆ, "ಕರೆಂಟನ್ನ ನಂಬ್ಕೊಂಡು ಸಂಸಾರ ಮಾಡಕ್ಕಾಗುತ್ತಾ ಅಕ್ಕಾ?" ಎಂದು ನನಗೇ ಪಾಠ. ಕಣ್ಣು ಮಂಜಾಗಿ ಲೈಸೆನ್ಸ್ ಹೋಯಿತಲ್ಲ, ಕಾರು ಮಾರೋಣ ಎನ್ನುವ ಮಗನಿಗೂ, "ಆಮೇಲೆ ನಿಮ್ಮಮ್ಮ ಅಡುಗೆ ಹೇಗೆ ಮಾಡ್ತಾಳೋ?" ಎಂಬ ಗದರಿಕೆ. ನಿನ್ನೆ ಸಕ್ಕರೆ ಕೇಳಲು ಹೋದೆ. ಅಡುಗೆಮನೆಯಲ್ಲಿ ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಅವನ ಹೆಂಡತಿ ನನ್ನತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟು, ಸ್ವಿಚ್ಚು ಒತ್ತಿ ದೀಪ ಆರಿಸಿ, ಕಿಟಕಿಯಲ್ಲಿ ಕೂಗಿದಳು: "ರೀ, ಕರೆಂಟ್ ಹೋಯ್ತು, ಗಾಡಿ ತೆಗೀರಿ!"