ಕಾಳಿ ನಾಲ್ಕರ ಬ್ಲೇಡು

ಮೂಡಲಗಿಯ ಬಡಿಗೇರ ಕಾಕಾನಿಗೆ ತಂತಿಯಂಥ ಬ್ಲೇಡಿನಿಂದ ಮರ ಕೊರೆಯುವ ಹೊಸ ಸ್ಕ್ರೋಲ್ ಸಾ ಯಂತ್ರ ಕಲಿಸಲು ಗೋಕಾಕದಿಂದ ಹೋಗಿದ್ದೆ. ಸಂಜೆ ಅವರ ಮೊಮ್ಮಗಳ ನಾಮಕರಣ. ತೊಟ್ಟಿಲಿಗೆ ಕಟ್ಟಲು ಸಾಗವಾನಿಯಲ್ಲಿ ‘ಗಂಗಾ’ ಎಂದು ಕೊರೆಯಬೇಕಿತ್ತು. ದಪ್ಪ ಹಲಗೆಗೆ ತೀರ ಸಣ್ಣ ಹಲ್ಲಿನ ಬ್ಲೇಡು ಹಾಕಿ, ಅದನ್ನೂ ಸಡಿಲ ಬಿಟ್ಟು, ಕಾಕಾ ಆಗಲೇ ಒಂದೊಂದಾಗಿ ಮುರಿದಿದ್ದರು. ದೊಡ್ಡ ಹಲ್ಲಿನದು ಒಂದೇ ಉಳಿದಿತ್ತು.

ಅದನ್ನು ಸಿಕ್ಕಿಸಿ ಹೇಳಿದೆ: “ಬಿಗಿ ಮಾಡಿ ಬೆರಳಿಂದ ಮೀಟ್ರಿ. ಟಣ್ ಅಂದ್ರ ಸಾಕು.”

ಕಾಕಾ ಭಜನೆಯ ಹಾಡುಗಾರರು. ಮೀಟಿ ಮುಖ ಸಿಂಡರಿಸಿದರು. “ಸುರ ಇಳದೈತಿ. ನಾ ಹಾಡೂದು ಕಾಳಿ ನಾಕರಾಗ.” ಹಾರ್ಮೋನಿಯಂ ತಂದು, ಅದರ ನಾಲ್ಕನೇ ಕಪ್ಪು ಕೀ ಒತ್ತಿ ಹಿಡಿದು, ಆ ಸ್ವರಕ್ಕೆ ಬ್ಲೇಡನ್ನು ಬಿಗಿಯತೊಡಗಿದರು.

“ಸಾಕ್ರಿ ಕಾಕಾ, ಮುರೀತೈತಿ!”

“ಬೇಸುರಾ ಇಟ್ಕೊಂಡು ಕೆಲಸಾ ಮಾಡೂದು ಹೆಂಗಪಾ?”

ಅಡುಗೆಮನೆಯಿಂದಲೇ ಅವರ ಹೆಂಡತಿ, ಕಾಕು, ಕೂಗಿದರು: “ಆ ಎತ್ತರಕ್ಕ ನಿಮ್ಮ ದನಿನ ಒಡೀತೈತಿ. ಬ್ಲೇಡ್ ಪಾಪ ಹೆಂಗ ತಡೀತೈತಿ? ಇಳಸ್ರಿ!”

ಕಾಕಾ ಗೊಣಗುತ್ತ ಕಾಳಿ ಎರಡಕ್ಕೆ ಇಳಿಸಿದರು. ಹೆಸರು ಪೂರ್ತಿ ಕೊರೆದು ಮುಗಿದರೂ ಬ್ಲೇಡು ಮುರಿಯಲಿಲ್ಲ.

ಸಂಜೆ ತೊಟ್ಟಿಲ ಮುಂದೆ ಅವರು ಹಠ ಹಿಡಿದು ಕಾಳಿ ನಾಲ್ಕರಲ್ಲೇ ಜೋಗುಳ ಎತ್ತಿದರು. ಮೊದಲ ಸಾಲಿಗೇ ದನಿ ಒಡೆಯಿತು, ಮಗು ಎದ್ದು ಅತ್ತಿತು. ಒಡೆದದ್ದು ಬ್ಲೇಡಾಗಿದ್ದರೆ ಮರುದಿನ ಗೋಕಾಕದಿಂದ ಹೊಸದು ತಂದುಕೊಡುತ್ತಿದ್ದೆ.