ದೊಡ್ಡಮ್ಮನ ಹೊದಿಕೆಗೊಂದು ಕಿಂಡಿ

ಬೆಳಗಿನ ಐದು ಗಂಟೆ. ಕುದುರೆ ಲಾಯದ ಕೊನೆಯ ಕೋಣೆಯಲ್ಲಿ ಒಂದೇ ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಅರವತ್ತೆರಡು ವರ್ಷದ ಹೆಂಗಸೊಬ್ಬರು ಬಲಗೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದಾರೆ. ತಣ್ಣನೆಯ ಕೈ ಸೋಕಿದರೆ ಮುದಿ ಕುದುರೆ ಬೆಚ್ಚುತ್ತದೆ, ಅದಕ್ಕೇ ಮೊದಲು ಕೈ ಕಾಯಿಸಿಕೊಳ್ಳಬೇಕು. ಕುದುರೆಯ ಮೈಮೇಲೆ ದಪ್ಪ ಉಣ್ಣೆಯ ಹೊದಿಕೆ. ಅದರ ಒಂದು ಮಗ್ಗುಲಲ್ಲಿ ಗೇಣುದ್ದದ ಕಿಂಡಿ, ಅಂಚಿಗೆ ಕೋಟಿನ ಜೇಬಿಗೆ ಹಾಕುವಂಥ ಅಚ್ಚುಕಟ್ಟಾದ ಹೊಲಿಗೆ. ಆ ಕಿಂಡಿಯೊಳಗೆ ಕೈಯನ್ನು ಮಣಿಕಟ್ಟಿನ ತನಕ ಇಳಿಸಿ ಅವರು ಕಣ್ಣು ಮುಚ್ಚುತ್ತಾರೆ. ತುಟಿ ಅಲ್ಲಾಡುತ್ತದೆ. ಪಕ್ಕೆಲುಬು ಎಣಿಸುತ್ತಿದ್ದಾರೆ.

“ನಿನ್ನೆ ಹೇಗಿತ್ತೋ ಹಾಗೇ ಇದೆ,” ಎಂದು ಕಣ್ಣು ಬಿಡುತ್ತಾರೆ. “ಬೆರಳಿಗೆ ಸಿಗ್ತವೆ, ಆದ್ರೆ ಚುಚ್ಚಲ್ಲ. ಚುಚ್ಚಿದ ದಿನ ಭಯ ಪಡ್ಬೇಕು.”

ಆಮೇಲೆ ಬಗ್ಗಿ ನೆಲ ಹುಡುಕುತ್ತಾರೆ. ಅಗಿಯಲಾರದೆ ಕುದುರೆ ಉಗಿದ ಹುಲ್ಲಿನ ಒದ್ದೆ ಉಂಡೆಗಳು ಅಲ್ಲಲ್ಲಿ ಬಿದ್ದಿವೆ. ಒಂದೊಂದನ್ನೇ ಆರಿಸಿ ಬುಟ್ಟಿಗೆ ಹಾಕುತ್ತಾ ಎಣಿಸುತ್ತಾರೆ. ನಿನ್ನೆ ಹನ್ನೊಂದು ಇದ್ದದ್ದು ಇವತ್ತು ಹದಿನಾಲ್ಕು. ಬಾಯಾಡಿಸಲಿ ಎಂದು ಇಟ್ಟ ಒಂದು ಸಣ್ಣ ಕಟ್ಟು ಹುಲ್ಲಿನಲ್ಲಿ ಹದಿನಾಲ್ಕು ತುತ್ತು ಹೊಟ್ಟೆಗೆ ಹೋಗಿಲ್ಲ ಎಂದು ಅದರ ಅರ್ಥ.

ಊರಿನ ಅಂಚಿನಲ್ಲಿರುವ ಈ ಸವಾರಿ ಶಾಲೆಯಲ್ಲಿ ದುಡಿಯುವ ಕುದುರೆಗಳು ಇಪ್ಪತ್ತೆರಡಿವೆ. ದುಡಿಯದ್ದು ಇದೊಂದೇ. ಬೂದು ಬಣ್ಣದ ಹೆಣ್ಣು ಕುದುರೆ, ವಯಸ್ಸು ಮೂವತ್ತೊಂದು. ಮೂವತ್ತು ದಾಟುವ ಕುದುರೆಗಳು ಅಪರೂಪ. ಇದರ ಬೆನ್ನ ಮೇಲೆ ಸವಾರಿ ಕಲಿತ ಹುಡುಗಿಯರು ಈಗ ತಮ್ಮ ಮಕ್ಕಳನ್ನು ಕಲಿಯಲು ಕರೆತರುತ್ತಿದ್ದಾರೆ. ಎಲ್ಲರೂ ಇದನ್ನು ಕರೆಯುವುದು ದೊಡ್ಡಮ್ಮ ಎಂದೇ. ಇದರ ಹಿಂದೆ ಬಕೆಟ್ ಹಿಡಿದು ಓಡಾಡುವ ಹೆಂಗಸಿಗೆ ಗಂಜಿ ಅಕ್ಕ ಎಂಬ ಹೆಸರು ಬಿದ್ದು ಮೂರು ವರ್ಷವಾಯಿತು.

ಕುದುರೆ ಕಂಡರೆ ಕಾಲುನೋವು ಎಂಬುದು ಗಾದೆ. ನನಗೆ ಕುದುರೆ ಕಂಡರೆ ಎದೆ ನಡುಕ. ಬಾಗಿಲ ಆಚೆಯೇ ನಿಂತು ಪತ್ರಿಕೆಯ ಲೇಖನಕ್ಕೆಂದು ಬರೆದುಕೊಳ್ಳುತ್ತಿದ್ದ ನನ್ನನ್ನು ನೋಡಿ ಅಕ್ಕ ಮೊದಲ ಸಲ ನಗುತ್ತಾರೆ. “ಒಳಗೆ ಬನ್ನಿ. ಕಚ್ಚೋಕೆ ಅವಳ ಬಾಯಲ್ಲಿ ಏನಿದೆ?”

ಏನೂ ಇಲ್ಲ. ದವಡೆಯ ಹಲ್ಲುಗಳು ಸವೆದು ಸವೆದು ಬುಡಕ್ಕೆ ಬಂದಿವೆ, ಉಳಿದವು ಉದುರಿವೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ಹಾಗೆ ಇಡೀ ಲಾಯದ ಅಟ್ಟದಲ್ಲಿ ಹುಲ್ಲು ತುಂಬಿರುವಾಗಲೂ ಈ ಪ್ರಾಣಿ ಹಸಿದು ಸಾಯಬಹುದು. ಹಾಗಾಗದಂತೆ ನೋಡಿಕೊಳ್ಳುವುದೇ ಅಕ್ಕನ ಕೆಲಸ. ದಿನಕ್ಕೆ ಐದು ಹೊತ್ತಿನ ಊಟ, ಪ್ರತಿ ಹೊತ್ತಿಗೂ ಅರ್ಧ ಬಕೆಟ್. ಹುಲ್ಲಿನ ಪುಡಿಯನ್ನು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಬೇಕು. ಅದಕ್ಕೆ ಬೇಯಿಸಿದ ಬಾರ್ಲಿ, ತವುಡು, ಕುದಿಸಿದ ಅಗಸೆ ಬೀಜ, ಒಂದು ಲೋಟ ಎಣ್ಣೆ, ಚಿಟಿಕೆ ಉಪ್ಪು. ಎಲ್ಲ ಬೆರೆಸಿ, ಗಂಟಿದ್ದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ಬೆರಳಲ್ಲೇ ಒಡೆಯಬೇಕು. ತಣ್ಣೀರು ಕೊಟ್ಟರೆ ದೊಡ್ಡಮ್ಮ ಮೂತಿ ತಿರುಗಿಸುತ್ತಾಳೆ, ಕುಡಿಯುವ ನೀರೂ ಉಗುರು ಬೆಚ್ಚಗಿರಬೇಕು.

ಕೊಟ್ಟರೆ ಮುಗಿಯಲಿಲ್ಲ, ಕೂತು ತಿನ್ನಿಸಬೇಕು. ನಾಲ್ಕು ತುತ್ತು ತಿಂದು ದೊಡ್ಡಮ್ಮ ತಲೆಯೆತ್ತುತ್ತಾಳೆ, ಏನು ಮಾಡುತ್ತಿದ್ದೆ ಎಂಬುದನ್ನೇ ಮರೆತವಳಂತೆ ಗೋಡೆ ನೋಡುತ್ತಾಳೆ. ಅಕ್ಕ ಬಕೆಟ್ಟಿನ ಅಂಚನ್ನು ಬೆರಳಿನಿಂದ ತಟ್ಟುತ್ತಾರೆ. “ಇಲ್ಲಿದೆ ನೋಡೇ, ಇಲ್ಲಿ.” ಮತ್ತೆ ನಾಲ್ಕು ತುತ್ತು. ಒಂದು ಹೊತ್ತಿನ ಊಟಕ್ಕೆ ಐವತ್ತು ನಿಮಿಷವಂತೆ. ದಿನಕ್ಕೆ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಅಕ್ಕ ಒಂದು ಮಣೆಯ ಮೇಲೆ ಕೂತು ಬರೀ ಬಕೆಟ್ಟು ತಟ್ಟುತ್ತಾರೆ. ನಾನು ಇಪ್ಪತ್ತು ನಿಮಿಷಕ್ಕೇ ಆಕಳಿಸಿದೆ ಎಂದು ಒಪ್ಪಿಕೊಂಡುಬಿಡುತ್ತೇನೆ.

ಇಷ್ಟೆಲ್ಲ ಮಾಡಿಯೂ ಗೆಲ್ಲುವ ಆಟವೇನಲ್ಲ ಇದು. ಶಾಲೆಗೆ ಬರುವ ಪಶುವೈದ್ಯೆ ಚಳಿ ಶುರುವಾಗುವ ಮುಂಚೆಯೇ ಒಂದು ಗೆರೆ ಎಳೆದು ಹೋಗಿದ್ದಾರೆ. ತೂಕ ಮುನ್ನೂರ ಅರವತ್ತು ಕಿಲೋಗಿಂತ ಕೆಳಗಿಳಿದರೆ ಇನ್ನು ಎಳೆಯುವುದು ಬೇಡ, ಸೂಜಿ ಚುಚ್ಚಿ ನೋವಿಲ್ಲದೆ ಮಲಗಿಸಿಬಿಡೋಣ ಎಂದು. ಅಕ್ಕ ಅದಕ್ಕೆ ಒಪ್ಪಿದ್ದಾರೆ. ಹೊಸ ಹುಲ್ಲು ಚಿಗುರಿದರೆ ಹಲ್ಲಿಲ್ಲದ ಬಾಯಿಗೂ ಮೆತ್ತಗೆ ಸಿಗುತ್ತದೆ, ಮೈ ತುಂಬಿಕೊಳ್ಳುತ್ತದೆ. ಅದು ಚಿಗುರಲು ಇನ್ನೂ ಆರು ವಾರವಿದೆ. ಹೋದ ತಿಂಗಳ ತೂಕ ಮುನ್ನೂರ ಎಪ್ಪತ್ತೊಂದು. ಇವತ್ತು ಹತ್ತು ಗಂಟೆಗೆ ಮತ್ತೆ ಅಳತೆ.

ಈ ಲಾಯಕ್ಕೆ ಅಕ್ಕ ಬಂದದ್ದು ಮದುವೆಯಾಗಿ. ಗಂಡ ಇಲ್ಲಿಯ ಮೇಸ್ತ್ರಿ, ಕುದುರೆ ನೋಡಿಕೊಳ್ಳುವ ಆಳುಗಳಿಗೆಲ್ಲ ಹಿರಿಯ. ದೊಡ್ಡಮ್ಮನನ್ನು ಎರಡು ವರ್ಷದ ಮರಿಯಿದ್ದಾಗಿನಿಂದ ಪಳಗಿಸಿದವರು ಅವರೇ. ಅಕ್ಕ ಅಂಗಳ ಗುಡಿಸುತ್ತಿದ್ದರು, ಬಕೆಟ್ಟು ತೊಳೆಯುತ್ತಿದ್ದರು, ಕುದುರೆಯ ತಂಟೆಗೆ ಹೋದವರಲ್ಲ. ಆದರೂ ಗಂಡ ಆಳುಗಳಿಗೆ ಹೇಳುತ್ತಿದ್ದ ಒಂದು ಮಾತು ಕೇಳಿ ಕೇಳಿ ಬಾಯಿಪಾಠವಾಗಿತ್ತು.

“ಚಳಿಗಾಲದಲ್ಲಿ ಕಣ್ಣನ್ನ ನಂಬಬೇಡಿ, ಕೈನ ನಂಬಿ ಅನ್ನೋರು. ಚಳಿಗೆ ಕೂದಲು ದಪ್ಪ ಆಗುತ್ತಲ್ಲ, ಕುದುರೆ ದುಂಡಗೇ ಕಾಣುತ್ತೆ. ಒಳಗೆ ಕರಗ್ತಾ ಇರುತ್ತೆ. ಕೂದಲೊಳಗೆ ಬೆರಳು ಹಾಕಿದ್ರೇನೇ ಗೊತ್ತಾಗೋದು. ಸಾವಿರ ಸಲ ಕೇಳಿದೀನಿ ಈ ಮಾತು.” ಅಕ್ಕ ಬಕೆಟ್ಟು ತಟ್ಟುವುದನ್ನು ನಿಲ್ಲಿಸುತ್ತಾರೆ. “ಅವರಿಗೇ ಅದನ್ನ ಮಾಡ್ಲಿಲ್ಲ ನಾನು.”

ನಾಲ್ಕು ವರ್ಷದ ಹಿಂದಿನ ಚಳಿಗಾಲ. ಮೇಸ್ತ್ರಿ ಎರಡು ಸ್ವೆಟರ್ ಹಾಕಿಕೊಂಡು ಮೇಲೊಂದು ಕೋಟು ತೊಟ್ಟು ಓಡಾಡುತ್ತಿದ್ದರು. ಊಟಕ್ಕೆ ಕರೆದರೆ ಲಾಯದಲ್ಲೇ ಆಯಿತು ಎನ್ನುತ್ತಿದ್ದರು. ಕೆಮ್ಮಿನಿಂದ ನಿನಗೆ ನಿದ್ದೆ ಕೆಡುತ್ತದೆ ಎಂದು ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದರು. ಒಂದು ದಿನ ಅಂಗಳದಲ್ಲೇ ಕುಸಿದು ಬಿದ್ದರು. “ಆಸ್ಪತ್ರೇಲಿ ನರ್ಸು ಅಂಗಿ ಬಿಚ್ಚಿದ್ರು. ನಾನು ಯಾರದೋ ಮಂಚದ ಹತ್ರ ಬಂದ್ಬಿಟ್ಟಿದೀನಿ ಅಂದ್ಕೊಂಡೆ. ನಲವತ್ತಾರು ಕಿಲೋ ಇದ್ರು. ಹೊಟ್ಟೇಲಿ ಗಡ್ಡೆ. ಹದಿನೆಂಟು ದಿನ, ಅಷ್ಟೇ.”

ದೀಪದ ಬುಡದಲ್ಲೇ ಕತ್ತಲು ಎಂಬ ಮಾತನ್ನು ನಾವು ಎಷ್ಟು ಹಗುರವಾಗಿ ಆಡುತ್ತೇವೆ. ಅಕ್ಕನೇ ಮುಂದುವರಿಸುತ್ತಾರೆ.

ಗಂಡ ಹೋದ ಮೇಲೆ ದೊಡ್ಡಮ್ಮನನ್ನು ತಾನು ನೋಡಿಕೊಳ್ಳುತ್ತೇನೆಂದು ಅಕ್ಕ ಶಾಲೆಯ ಮ್ಯಾನೇಜರರನ್ನು ಕೇಳಿಕೊಂಡರು. ಅವರು ಆಗಲಿ ಎಂದರು. ಮೊದಲ ಚಳಿಗೇ ಅಕ್ಕ ಮನೆಯಲ್ಲಿದ್ದ ದಪ್ಪ ಉಣ್ಣೆಯ ಹೊದಿಕೆ ತಂದು ಕುದುರೆಗೆ ಹೊದಿಸಿ, ಹೊಟ್ಟೆಯ ಕೆಳಗೆ ಬಿಗಿಯಾಗಿ ಕಟ್ಟಿದರು. ಮುದಿ ಜೀವಕ್ಕೆ ಚಳಿಯಾದೀತೆಂದು ಮೂರು ವಾರ ಅದನ್ನು ಬಿಚ್ಚಲೇ ಇಲ್ಲ. ಬಿಚ್ಚಿದ ದಿನ ನಲವತ್ತು ಕಿಲೋ ಕರಗಿಹೋಗಿತ್ತು.

“ಒಂದೇ ತಪ್ಪು ಎರಡು ಸಲ ಮಾಡಿದೀನಿ. ಪ್ರೀತಿಯಿಂದ ಹೊದಿಸಿದೆ, ಹೊದಿಸಿ ನೋಡೋದು ಬಿಟ್ಟೆ. ಅವತ್ತು ಈ ನೆಲದ ಮೇಲೇ ಕೂತು ಅತ್ತೆ. ಅವರು ಹೋದಾಗಲೂ ಅಷ್ಟು ಅತ್ತಿರಲಿಲ್ಲ.”

ಏಳೂವರೆಗೆ ಅಕ್ಕನ ಮಗಳು ಬರುತ್ತಾರೆ. ಹಿಂದಿನ ಬೀದಿಯಲ್ಲಿ ಒಂದು ಕೋಣೆಯ ಹೊಲಿಗೆ ಅಂಗಡಿ ಇವರದು. ಅಂಗಡಿ ತೆರೆಯುವ ಮುಂಚೆ ದಿನಾ ಇಲ್ಲಿಗೊಂದು ಸುತ್ತು. ಕಿಂಡಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಹುಬ್ಬೇರಿಸುತ್ತಾರೆ.

“ಅಮ್ಮಾ, ದಿನಕ್ಕೆ ಎಷ್ಟು ಸಲ ಕೈ ಹಾಕ್ತೀಯ ಇದರಲ್ಲಿ?”

“ಮೂರು ಸಲ.”

“ಸುಳ್ಳು ಹೇಳ್ಬೇಡ. ಮೂರು ಸಲಕ್ಕೆ ನನ್ನ ಹೊಲಿಗೆ ಹೀಗೆ ಸವೆಯಲ್ಲ.”

ಅಕ್ಕ ಬಕೆಟ್ಟು ಎತ್ತಿಕೊಂಡು ನಲ್ಲಿಯ ಕಡೆ ನಡೆಯುತ್ತಾರೆ. ಮಗಳು ಸೂಜಿಗೆ ದಾರ ಪೋಣಿಸಿ, ಕುದುರೆಗೆ ಆತುಕೊಂಡು ನಿಂತೇ ಹೊಲಿಯತೊಡಗುತ್ತಾರೆ. ನಲವತ್ತು ಕಿಲೋ ಕರಗಿದ್ದು ಗೊತ್ತಾದ ಆ ದಿನ ಹೊದಿಕೆಯಲ್ಲಿ ಕಿಂಡಿ ಕತ್ತರಿಸಿದವರು ಇವರೇ. ಹೊದಿಕೆ ತೆಗೆದು ಚಳಿಗೆ ಒಡ್ಡದೆಯೂ ಅಮ್ಮ ದಿನಾ ಮುಟ್ಟಿ ನೋಡಲಿ ಎಂದು. ಒಳ್ಳೆಯ ಉಪಾಯ ಎಂದು ನಾನು ಹೊಗಳಿದಾಗ ಅವರ ಸೂಜಿ ಅಲ್ಲೇ ನಿಲ್ಲುತ್ತದೆ.

“ಉಪಾಯ ಅಲ್ಲ,” ಎನ್ನುತ್ತಾರೆ ತಗ್ಗಿದ ದನಿಯಲ್ಲಿ. “ಆ ವರ್ಷ ಅಪ್ಪ ಎರಡು ಸಲ ಅಂಗಡಿಗೆ ಬಂದಿದ್ರು. ಪ್ಯಾಂಟು ಸೊಂಟದ ಹತ್ರ ಸಡಿಲ ಆಗಿದೆ, ಒಂದು ಇಂಚು ಹಿಡಿದು ಕೊಡಮ್ಮಾ ಅಂದ್ರು. ಹಿಡಿದು ಕೊಟ್ಟೆ. ತಿಂಗಳು ಕಳೆದು ಮತ್ತೆ ಬಂದ್ರು, ಇನ್ನೂ ಎರಡು ಇಂಚು. ಅಮ್ಮನಿಗೆ ಹೇಳ್ಬೇಡ, ಸುಮ್ನೆ ಗಾಬರಿ ಬೀಳ್ತಾಳೆ ಅಂದ್ರು. ನಾನೂ ಹೇಳ್ಲಿಲ್ಲ. ಟೇಪು ನನ್ನ ಕೊರಳಲ್ಲೇ ಇತ್ತು.”

ನಲ್ಲಿಯ ಬಳಿಯಿಂದ ಅಕ್ಕನ ದನಿ ಬರುತ್ತದೆ. “ಹೇಳು, ಹೇಳು. ಬರ್ಕೊಳ್ಳಲಿ. ನಾನೇನೂ ಬೈಕೊಂಡಿಲ್ಲ ನಿನ್ನ.”

“ಬೈದಿದ್ರೆ ಚೆನ್ನಾಗಿತ್ತು,” ಎಂದು ಮಗಳು ಹಲ್ಲಿನಿಂದ ದಾರ ಕಡಿಯುತ್ತಾರೆ.

ನೀರು ಬೀಳುವ ಸದ್ದು ನಿಲ್ಲುತ್ತದೆ. ತೊಳೆದ ಬಕೆಟ್ಟಿನೊಂದಿಗೆ ಬಂದ ಅಕ್ಕ ಮಗಳ ಹೆಗಲ ಮೇಲೆ ಅಂಟಿದ್ದ ಹುಲ್ಲಿನ ಕಡ್ಡಿ ತೆಗೆದು, ಹೊತ್ತಾಯಿತು ಅಂಗಡಿಗೆ ನಡಿ ಎನ್ನುತ್ತಾರೆ. ಈ ವಿಷಯವಾಗಿ ಇಬ್ಬರ ನಡುವೆ ಇದಕ್ಕಿಂತ ಹೆಚ್ಚಿನ ಮಾತು ಯಾವತ್ತೂ ನಡೆದಿರಲಾರದು. ಕಿಂಡಿಯ ಅಂಚು ಮತ್ತೆ ಗಟ್ಟಿಯಾಗಿದೆ.

ಹತ್ತಕ್ಕೆ ಪಶುವೈದ್ಯೆ ಬರುತ್ತಾರೆ. ಜೊತೆಗೆ ಮ್ಯಾನೇಜರರೂ ಇದ್ದಾರೆ. ಕುದುರೆಯನ್ನು ತಕ್ಕಡಿಯಲ್ಲಿ ನಿಲ್ಲಿಸುವ ಅನುಕೂಲ ಇಲ್ಲಿಲ್ಲ. ಎದೆಯ ಸುತ್ತ ಒಂದು ಪಟ್ಟಿ ಸುತ್ತಿ, ಅದರ ಮೇಲೆ ಅಚ್ಚಾಗಿರುವ ಕಿಲೋ ಲೆಕ್ಕ ಓದುತ್ತಾರೆ. ಹೊದಿಕೆ ತೆಗೆದಾಗ ದೊಡ್ಡಮ್ಮ ನನಗಂತೂ ದುಂಡಗೇ ಕಾಣುತ್ತಾಳೆ. ದಪ್ಪ ಬೂದು ಕೂದಲು ಉಬ್ಬಿ ನಿಂತಿದೆ. ಪರವಾಗಿಲ್ಲವಲ್ಲ, ಚೆನ್ನಾಗಿಯೇ ಇದ್ದಾಳೆ ಎಂದು ನಾನು ಬಾಯಿಬಿಟ್ಟು ಅಂದುಬಿಡುತ್ತೇನೆ. ಅಕ್ಕ ನನ್ನ ಕಡೆ ನೋಡುವುದಿಲ್ಲ.

ಪಟ್ಟಿ ಸುತ್ತುವ ಮೊದಲೇ ಅವರು ಹೇಳುತ್ತಾರೆ, “ಏಳು ಹೋಗಿರುತ್ತೆ ಡಾಕ್ಟ್ರೇ.”

ವೈದ್ಯೆ ಪಟ್ಟಿ ಬಿಗಿದು, ಕನ್ನಡಕ ಮೇಲೆ ಸರಿಸಿ ಓದುತ್ತಾರೆ. ಇನ್ನೊಮ್ಮೆ ಸುತ್ತಿ ಇನ್ನೊಮ್ಮೆ ಓದುತ್ತಾರೆ. ಮುನ್ನೂರ ಅರವತ್ನಾಲ್ಕು.

ಏಳೇ ಏಳು. ನೆಲದ ಮೇಲಿನ ಉಂಡೆಗಳೂ ಬೆರಳಿನ ತುದಿಯೂ ಸೇರಿ ಲೆಕ್ಕ ಹಾಕಿದ್ದನ್ನೇ ಪಟ್ಟಿ ಹೇಳಿದೆ. ಗೆರೆಗೆ ಇನ್ನು ನಾಲ್ಕು ಕಿಲೋ ಉಳಿದಿದೆ, ಹೊಸ ಹುಲ್ಲಿಗೆ ಆರು ವಾರ. ನನಗೇ ಕೂಡಿ ಕಳೆಯಲು ಬಂದ ಮೇಲೆ ಅಕ್ಕನಿಗೆ ಬಾರದೇ? ವೈದ್ಯೆ ಅಕ್ಕನ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, “ಇನ್ನು ವಾರ ವಾರ ಬರ್ತೀನಿ,” ಎನ್ನುತ್ತಾರೆ. ಮ್ಯಾನೇಜರ್ ಟೋಪಿ ತೆಗೆದು ಮತ್ತೆ ಹಾಕಿಕೊಳ್ಳುತ್ತಾರೆ. ಹೊರಗೆ ಬಂದು ನನ್ನ ಹತ್ತಿರ ಹೇಳುತ್ತಾರೆ, “ಇಪ್ಪತ್ತೆರಡು ಕುದುರೆಗಳ ಬಗ್ಗೆ ನನಗೆ ಗೊತ್ತಿರೋದೆಲ್ಲ ಸೇರಿಸಿದ್ರೂ, ಈ ಒಂದರ ಬಗ್ಗೆ ಅಕ್ಕನಿಗೆ ಗೊತ್ತಿರೋಷ್ಟಾಗಲ್ಲ.”

ನಾನು ಮತ್ತೆ ಒಳಗೆ ಹೋದಾಗ ಮುಂದಿನ ಹೊತ್ತಿಗೆ ಹುಲ್ಲಿನ ಪುಡಿ ನೆನೆಯುತ್ತಿದೆ. ಇವತ್ತಿನಿಂದ ಎಣ್ಣೆ ಒಂದೂವರೆ ಲೋಟ, ಐದು ಹೊತ್ತಿನ ಜೊತೆಗೆ ಆರನೆಯದೂ ಒಂದು. ಅಕ್ಕನ ಕಣ್ಣು ಒದ್ದೆಯಾಗಿದೆ, ಕೈ ಮಾತ್ರ ಬಕೆಟ್ಟಿನೊಳಗೆ ಗಂಟು ಒಡೆಯುತ್ತಲೇ ಇದೆ. ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಇಂಥ ಲೇಖನಗಳ ಕೊನೆಗೆ ನಾವು ಕೇಳುವ ಪ್ರಶ್ನೆ ಅದು, ಉತ್ತರವನ್ನೂ ಮನಸ್ಸಿನಲ್ಲೇ ಬರೆದುಕೊಂಡಿದ್ದೆ. ಹೊಸ ಹುಲ್ಲು ಬರುವ ತನಕ ದೊಡ್ಡಮ್ಮ ಇರಲಿ ಎನ್ನುತ್ತಾರೆ ಎಂದು.

ಅಕ್ಕ ಕೈ ಒರೆಸಿಕೊಂಡು, ಕಂಕುಳಲ್ಲಿ ಇಟ್ಟು ಕಾಯಿಸಿಕೊಳ್ಳುತ್ತಾರೆ. ಆಮೇಲೆ ಹೊಸದಾಗಿ ಹೊಲಿದ ಕಿಂಡಿಯೊಳಗೆ ಅದನ್ನು ಇಳಿಸುತ್ತಾರೆ.

“ಇದ್ರೆ ಒಳ್ಳೇದು. ಆದ್ರೆ ಅದು ನನ್ನ ಕೈಲಿಲ್ಲ. ಹೋಗೋದಾದ್ರೆ ಈ ಸಲ ನನಗೇ ಮೊದಲು ಗೊತ್ತಾಗ್ಬೇಕು. ಅಷ್ಟೇ.”