ಸೊರಗಿದವಳ ಕೈಯ ಕಾಳು

ಸಲೀನಾಸ್ ಕಣಿವೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಲೆಟಿಸ್ ಸೊಪ್ಪಿನ ಹೊಲದ ಅಂಚಿಗೆ ನಿಂತ ತಿಂಡಿ ಗಾಡಿಯೊಳಗೆ ನೆರೈದಾ ಬುಸ್ತಮಾಂತೆ ನೀರು ಕಾಯಿಸುತ್ತಿದ್ದಾಳೆ. ಹೊರಗೆ ಗಡಿಯಾಚೆಯಿಂದ ಕೂಲಿಗೆ ಬಂದ ಕೊಯ್ಲಿನವರ ಸಾಲು. ದಿನವಿಡೀ ಸೊಪ್ಪಿಗೆ ಬಗ್ಗುವ ಇವರ ಬೆಳಗಿನ ತಿಂಡಿ ಕಪ್ ನೂಡಲ್ಸ್, ಮೇಲೆ ಪುಡಿ ಮಾಡಿದ ಖಾರದ ಚಿಪ್ಸ್, ಜೊತೆಗೊಂದು ಸಕ್ಕರೆ ತುಂಬಿದ ಸೋಡಾ. ಇಪ್ಪತ್ತೆರಡರ ಹುಡುಗರೂ ಬಸ್ಸಿನಿಂದ ಇಳಿಯುವಾಗ ಮೊಣಕಾಲು ಹಿಡಿದುಕೊಳ್ಳುತ್ತಾರೆ.

"ನೂಡಲ್ಸು ಒಂದೂವರೆ ಡಾಲರು, ಮಧ್ಯಾಹ್ನದವರೆಗೂ ಹಸಿವಾಗಲ್ಲ. ಇವರೇ ಕೊಯ್ದ ಸೊಪ್ಪು ಅಂಗಡೀಲಿ ಅದರ ಎರಡರಷ್ಟು, ಹೊಟ್ಟೇನೂ ತುಂಬಲ್ಲ. ಯಾರಿಗಂತ ಬುದ್ಧಿ ಹೇಳ್ಲಿ?" ಎನ್ನುತ್ತಾಳೆ ಇಪ್ಪತ್ನಾಲ್ಕರ ನೆರೈದಾ. ಅವಳೂ ಅದನ್ನೇ ತಿಂದು ಬೆಳೆದವಳು. ಮನೆಯಲ್ಲೂ ಹೊಲದಲ್ಲೂ ಅವಳು ಡುಮ್ಮಿ. ಇಲ್ಲಿ ಅದು ಬೈಗುಳವಲ್ಲ, ಮುದ್ದು.

ಕಳೆದ ವರ್ಷ ಸಕ್ಕರೆ ಕಾಯಿಲೆಯಿಂದಾಗಿ ಅವಳಣ್ಣ ರೊಹೇಲಿಯೊನ ಎಡಪಾದ ಕತ್ತರಿಸಿದರು. ಅವನಿಗೆ ಇಪ್ಪತ್ತೊಂಬತ್ತು. ಈಗಲೂ ಮಂಚದ ಮೇಲಿಂದ ಸೋಡಾ ಕೇಳುತ್ತಾನೆ. ಅದಾದ ಮೇಲೆಯೇ ನೆರೈದಾ ಅಜ್ಜಿಯ ಕಾಲದ ಅಡುಗೆಗೆ ಕೈ ಹಾಕಿದ್ದು: ಬೆಂದ ಕಾಳು, ಮುಳ್ಳು ಹೆರೆದ ಪಾಪಾಸುಕಳ್ಳಿ. ತಾನೂ ಅದನ್ನೇ ಉಂಡಳು, ನೂಡಲ್ಸಿನ ಬೆಲೆಗೇ ಮಾರಲು ಒಂದು ಪಾತ್ರೆ ಗಾಡಿಗೂ ತಂದಳು. "ಬಡವರ ಊಟ ಉಣ್ಣೋಕೆ ಗಡಿ ದಾಟಿ ಬರಬೇಕಿತ್ತಾ?" ಎಂದು ಕೊಯ್ಲಿನವರು ನಕ್ಕರು. ಕೆಲವು ತಿಂಗಳು ಸಹಿಸಿದ ಗಾಡಿಯ ಯಜಮಾನ ದೊನ್ ಹಸಿಂತೊ ಕೊನೆಗೆ ಗಡುವು ಕೊಟ್ಟ: "ಶನಿವಾರಾನೂ ತುಂಬಿದ ಪಾತ್ರೆ ವಾಪಸ್ ಬಂದ್ರೆ ಅದಕ್ಕೆ ಗಾಡೀಲಿ ಜಾಗ ಇಲ್ಲಮ್ಮ."

ಅಷ್ಟರಲ್ಲಿ ನೆರೈದಾ ಸೊರಗಿದ್ದಳು. ಡುಮ್ಮಿ ಸೊರಗಿದರೆ ಇಲ್ಲಿ ಹೊಗಳುವುದಿಲ್ಲ, ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಶನಿವಾರ ಕೊಯ್ಲಿನವರಲ್ಲಿ ಹಿರಿಯಳಾದ ಚೋನಾ ಅತ್ತೆ ಗಾಡಿಯ ಕಿಟಕಿಗೆ ಮುಖ ತಂದಳು.

"ನಿಜ ಹೇಳೇ ಡುಮ್ಮಿ, ಕ್ಯಾನ್ಸರ್ರಾ?"

"ಅಯ್ಯೋ, ಏನಿಲ್ಲ ಅತ್ತೆ. ಕಾಳು ತಿಂತಿದೀನಿ, ಅಷ್ಟೆ."

"ಪಾಪ, ಬಾಯೇ ಬಿಡಲ್ಲ ನೋಡ್ರೋ! ಔಷಧಿ ಖರ್ಚಿಗಾದ್ರೂ ಆಗ್ಲಿ, ಎಲ್ರೂ ಒಂದೊಂದು ಬಟ್ಟಲು ತಗೊಳ್ಳಿ!"

ಪಾತ್ರೆ ತಳ ಕಂಡಿತು. ಸಂಜೆ ನೋಡಿದರೆ ಅರ್ಧದಷ್ಟು ಬಟ್ಟಲುಗಳು ಕಸದ ಡಬ್ಬದಲ್ಲಿ ತುಂಬಿದ ಹಾಗೇ ಬಿದ್ದಿದ್ದವು. ಇನ್ನರ್ಧವನ್ನು ಯಾರೋ ಉಂಡಿದ್ದರು.

ಈಗ ಪಾತ್ರೆ ದಿನವೂ ಖಾಲಿ. ಚೋನಾ ಅತ್ತೆ ಇಗರ್ಜಿಯಲ್ಲಿ ಅವಳ ಹೆಸರಿಗೆ ಮೇಣದಬತ್ತಿ ಹಚ್ಚುತ್ತಾಳೆ. ತನಗೆ ಕಾಯಿಲೆ ಇಲ್ಲವೆನ್ನುವುದನ್ನು ನೆರೈದಾ ಬಿಟ್ಟಿದ್ದಾಳೆ.

"ಗುಣ ಆಯ್ತು ಅಂದ್ರೆ ಎಲ್ರೂ ನೂಡಲ್ಸಿಗೇ ಹೋಗ್ತಾರೆ. ಇವರಿಗೆ ಕಾಳಿನ ರುಚಿ ಹತ್ತೋವರೆಗಾದ್ರೂ," ಎನ್ನುತ್ತಾಳೆ ಪಾತ್ರೆ ತೊಳೆಯುತ್ತಾ, "ನಾನು ಸಾಯ್ತಾ ಇರ್ತೀನಿ ಬಿಡಿ."